ಬೆರಗಿನ ಮನೆಯಲ್ಲಿ ನಾಲ್ಕು ಪ್ರಶ್ನೆ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಪ್ರತಿ ಗಂಟೆಗೂ ಮೂರು ನಿಮಿಷ ಮುಂಚೆ ಒಂದು ಪುಟ್ಟ ಬಾಗಿಲು ತೆರೆದುಕೊಳ್ಳುತ್ತದೆ. ಗಡ್ಡದ ಕಾವಲುಗಾರನ ಗೊಂಬೆಯೊಂದು ಅದರೊಳಗಿಂದ ಬಂದು ಜಾಗಟೆಯ ಮುಂದೆ ನಿಲ್ಲುತ್ತದೆ. ಹೊತ್ತು ಸರಿಯಾದೊಡನೆ ಎಷ್ಟು ಗಂಟೆಯೋ ಅಷ್ಟು ಪೆಟ್ಟು ಹೊಡೆದು ಮತ್ತೆ ಒಳಗೆ ಸರಿಯುತ್ತದೆ. ಅದೇ ಗಡಿಯಾರದಲ್ಲಿ ಕಮ್ಮಾರನ ಗೊಂಬೆಯೊಂದು ಸೆಕೆಂಡಿಗೊಂದರಂತೆ ಸುತ್ತಿಗೆ ಬಡಿಯುತ್ತಲೇ ಇರುತ್ತದೆ. ಇದನ್ನು ನೋಡಲು ಸಂಗ್ರಹಾಲಯದ ಅಂಗಳದಲ್ಲಿ ಜನ ಮೊದಲೇ ಬಂದು ಸಾಲಾಗಿ ಕೂರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹನ್ನೆರಡು ಪೆಟ್ಟು ಕೇಳಬಹುದೆಂದು ಆ ಹೊತ್ತಿಗೆ ಜನ ಇನ್ನೂ ಹೆಚ್ಚು.

ನಾವೂ ಹಾಗೆ ಕೂತಿದ್ದೆವು. ಬೀದರಿನಿಂದ ಅವ್ವ ಬಂದಿದ್ದರು. ಎಂಟನೆಯ ತರಗತಿಯ ಮಗಳು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ಮಗ, ನಾವಿಬ್ಬರು. ಕೊನೆಯ ಪೆಟ್ಟು ಮುಗಿದು ಗೊಂಬೆ ಒಳಹೋದಾಗ ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಜನ ಎದ್ದು ಮುಂದಿನ ಕೋಣೆಯತ್ತ ನಡೆದರು. ಮಗ ಮಾತ್ರ ಕೂತಲ್ಲೇ ಕೂತು ಕೇಳಿದ: "ಅಪ್ಪಾ, ಈಗ ಎಷ್ಟು ಸಲ ಹೊಡೀಬೇಕು ಅಂತ ಆ ಗೊಂಬೆಗೆ ಹೆಂಗ ಗೊತ್ತಾಗ್ತದ?"

ವಿಚಿತ್ರ ವಸ್ತುಗಳ ಸಂಗ್ರಹಾಲಯಕ್ಕೆ ಕುಟುಂಬ ಸಮೇತ ಹೋಗುವುದರ ಫಲವೆಲ್ಲ ಇಂಥ ಪ್ರಶ್ನೆಯಲ್ಲಿದೆ ಎಂದು ನಾನು ನಂಬುತ್ತೇನೆ. ಬೆರಗು ತಾನಾಗಿ ಹುಟ್ಟುತ್ತದೆ. ಅದನ್ನು ಹುಟ್ಟಿಸಲು ಗಡಿಯಾರವೇ ಸಾಕು, ನಾವು ಏನೂ ಮಾಡಬೇಕಿಲ್ಲ. ಬೆರಗಿನಿಂದ ಪ್ರಶ್ನೆಗೆ ದಾಟುವಾಗ ಮಾತ್ರ ಮಕ್ಕಳ ಪಕ್ಕದಲ್ಲಿ ಹಿರಿಯರು ಬೇಕು. ಹೇಗೆ ಮಾಡಿದರು? ಇದು ನಿಜವೇ? ಎಲ್ಲಿಂದ ಬಂತು? ಇದನ್ನು ಹೀಗೆ ತೋರಿಸುವುದು ಸರಿಯೇ? ಈ ನಾಲ್ಕನ್ನು ಕೇಳಲು ಕಲಿತ ಮಗು ಯಾವ ಸಂಗ್ರಹಾಲಯದಿಂದಲೂ ಬರಿಗೈಯಲ್ಲಿ ಹೊರಬರುವುದಿಲ್ಲ.

ಒಂದು ಮನೆತನದ ಗೀಳು

ಮೊದಲು ಈ ಮನೆಯ ಕಥೆ. ಸಾಲಾರ್ ಜಂಗ್ ಎಂಬುದು ಹೈದರಾಬಾದ್ ಸಂಸ್ಥಾನದ ದಿವಾನಗಿರಿ ಮಾಡಿದ ಮನೆತನದವರಿಗೆ ಇದ್ದ ಬಿರುದು. ಮೊದಲನೆಯ ಸಾಲಾರ್ ಜಂಗ್ ಮೀರ್ ತುರಾಬ್ ಅಲಿ ಖಾನ್ 1853ರಿಂದ 1883ರವರೆಗೆ ದಿವಾನರಾಗಿದ್ದು, ಸಂಸ್ಥಾನದ ಆಡಳಿತವನ್ನು ಹೊಸದಾಗಿ ಕಟ್ಟಿದವರು. ಆಗ ಬೀದರ್, ಕಲಬುರಗಿ, ರಾಯಚೂರುಗಳೆಲ್ಲ ಆ ಸಂಸ್ಥಾನದೊಳಗೇ ಇದ್ದವು. ಅವರ ಮೊಮ್ಮಗ, ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಹುಟ್ಟಿದ್ದು 1889ರಲ್ಲಿ. 1912ರಲ್ಲಿ ಏಳನೆಯ ನಿಜಾಮರ ದಿವಾನರಾದ ಅವರು 1914ರಲ್ಲೇ ಆ ಹುದ್ದೆ ಬಿಟ್ಟರು. ಆಮೇಲೆ ಬದುಕಿನುದ್ದಕ್ಕೂ ಅವರು ಮಾಡಿದ್ದು ಒಂದೇ ಕೆಲಸ, ವಸ್ತುಗಳನ್ನು ಸಂಗ್ರಹಿಸುವುದು.

ಪರ್ಷಿಯಾದ ರತ್ನಗಂಬಳಿ, ಚೀನಾದ ಪಿಂಗಾಣಿ, ಯುರೋಪಿನ ಗಾಜು, ಮೊಘಲರ ಕಠಾರಿ, ಹಸಿರುಕಲ್ಲಿನ ಬಟ್ಟಲು, ಹಸ್ತಪ್ರತಿ, ಆಟಿಕೆ, ಊರುಗೋಲು, ಗಡಿಯಾರ, ಯಾವುದನ್ನೂ ಅವರು ಬಿಡಲಿಲ್ಲ. ಮದುವೆಯಾಗಿರಲಿಲ್ಲ. 1949ರ ಮಾರ್ಚಿನಲ್ಲಿ ಅವರು ತೀರಿಕೊಂಡಾಗ ನೇರ ವಾರಸುದಾರರಿಲ್ಲದೆ ಇಷ್ಟೆಲ್ಲ ವಸ್ತುಗಳು ಅರಮನೆಗಳ ತುಂಬ ಹರಡಿಕೊಂಡಿದ್ದವು. ಆಗ ಅವುಗಳನ್ನು ಒಪ್ಪಮಾಡಿ ಸಂಗ್ರಹಾಲಯದ ರೂಪ ಕೊಡಲು ಕರೆಸಿದ್ದು ಐರ್ಲೆಂಡಿನ ಕವಿ, ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ಅವರನ್ನು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು 1920ರ ದಶಕದಲ್ಲಿ ರೂಪಿಸುವುದರಲ್ಲೂ ಇವರದೇ ಕೈಯಿತ್ತು. ಮೈಸೂರಿನಲ್ಲಿ ಚಿತ್ರ ನೋಡಿ, ಹೈದರಾಬಾದಿನಲ್ಲಿ ಗಡಿಯಾರ ನೋಡಿ ಬರುವ ನಮ್ಮ ಜನರಿಗೆ ಈ ಎರಡು ಮನೆಗಳನ್ನು ಜೋಡಿಸಿದ ಈ ಹೆಸರು ಗೊತ್ತಿರಬೇಕು.

1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಸಾಲಾರ್ ಜಂಗರ ಹಳೆಯ ಮನೆ ದಿವಾನ್ ದೇವಡಿಯಲ್ಲಿ ಇದನ್ನು ಸಾರ್ವಜನಿಕರಿಗೆ ತೆರೆದರು. 1961ರಲ್ಲಿ ಸಂಸತ್ತು ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಸಂಗ್ರಹ ಬಂದದ್ದು 1968ರಲ್ಲಿ. ಇಂದು ಇಲ್ಲಿ 40 ಸಾವಿರಕ್ಕೂ ಹೆಚ್ಚು ಕಲಾವಸ್ತುಗಳಿವೆ. ಒಂದು ಮನೆತನದ ಗೀಳು ಇಡೀ ದೇಶದ ಆಸ್ತಿಯಾಯಿತು.

ಹೇಗೆ ಮಾಡಿದರು?

ಮಗನ ಪ್ರಶ್ನೆಗೆ ಬರೋಣ. ಈ ಗಡಿಯಾರವನ್ನು ಮಾರಿದ್ದು ಕೋಲ್ಕತ್ತದಲ್ಲಿ ಹೆಸರುವಾಸಿಯಾಗಿದ್ದ ಕುಕ್ ಅಂಡ್ ಕೆಲ್ವಿ ಕಂಪನಿ. ಒಳಗಿರುವ ಬಿಡಿಭಾಗಗಳು 350ಕ್ಕೂ ಹೆಚ್ಚು. ಗಂಟೆ ಬಾರಿಸುವ ಯಾಂತ್ರಿಕ ಗಡಿಯಾರದಲ್ಲಿ ಸಾಮಾನ್ಯವಾಗಿ ಹಲ್ಲಿನ ಚಕ್ರಗಳ ಎರಡು ಬೇರೆ ಬೇರೆ ಸಾಲುಗಳಿರುತ್ತವೆ. ಒಂದು ಸಾಲು ಮುಳ್ಳುಗಳನ್ನು ಓಡಿಸುತ್ತದೆ, ಇನ್ನೊಂದು ಗಂಟೆ ಹೊಡೆಯುತ್ತದೆ. ಎರಡನೆಯ ಸಾಲು ಸದಾ ತಡೆ ಹಾಕಿಕೊಂಡು ಕಾಯುತ್ತಿರುತ್ತದೆ. ನಿಮಿಷದ ಮುಳ್ಳು ಹನ್ನೆರಡಕ್ಕೆ ಬಂದಾಗ ಮೊದಲ ಸಾಲು ಆ ತಡೆಯನ್ನು ಎತ್ತುತ್ತದೆ. ಎಷ್ಟು ಪೆಟ್ಟು ಎಂಬ ಲೆಕ್ಕವನ್ನು ಯಂತ್ರ ಎರಡು ಬಗೆಯಲ್ಲಿ ಇಟ್ಟುಕೊಳ್ಳುತ್ತದೆ. ಹಳೆಯ ಬಗೆಯಲ್ಲಿ ಒಂದು ಚಕ್ರದ ಅಂಚಿನಲ್ಲಿ ಕಚ್ಚುಗಳಿರುತ್ತವೆ, ಅವುಗಳ ನಡುವಿನ ದೂರ ಒಂದು ಪೆಟ್ಟಿಗೆ ಒಂದಳತೆ, ಎರಡಕ್ಕೆ ಎರಡಳತೆ ಎಂದು ಹೆಚ್ಚುತ್ತಾ ಹೋಗುತ್ತದೆ. ಇನ್ನೊಂದು ಬಗೆಯಲ್ಲಿ ಹನ್ನೆರಡು ಮೆಟ್ಟಿಲುಗಳಿರುವ, ಬಸವನಹುಳುವಿನ ಚಿಪ್ಪಿನಾಕಾರದ ತಟ್ಟೆ ಹನ್ನೆರಡು ಗಂಟೆಗೊಮ್ಮೆ ಸುತ್ತುತ್ತದೆ. ಒಂದು ಸನ್ನೆ ಆ ಹೊತ್ತಿನ ಮೆಟ್ಟಿಲ ಮೇಲೆ ಬೀಳುತ್ತದೆ. ಅದು ಎಷ್ಟು ಆಳಕ್ಕೆ ಇಳಿಯಿತೋ ಅಷ್ಟು ಪೆಟ್ಟು. ಯಂತ್ರಕ್ಕೆ ಎಣಿಸಲು ಬರುವುದಿಲ್ಲ, ಎಣಿಕೆಯನ್ನು ಮೊದಲೇ ಲೋಹದ ಆಕಾರವಾಗಿ ಕೊರೆದಿಟ್ಟಿರುತ್ತಾರೆ.

ಇದನ್ನು ಒಂದು ಕಾಗದದ ಮೇಲೆ ಬರೆದು ತೋರಿಸಿದಾಗ ಮಗಳು ಕೂಡಿಸಲು ಶುರುಮಾಡಿದಳು. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78. ಹಗಲು ರಾತ್ರಿ ಸೇರಿ ದಿನಕ್ಕೆ 156 ಪೆಟ್ಟು. ಶಾಲೆಯಲ್ಲಿ ಬೇಸರ ತರಿಸುವ ಶ್ರೇಢಿ ಲೆಕ್ಕ ಅಲ್ಲಿ ಅಂಗಳದಲ್ಲಿ ಕೂತಾಗ ಸಲೀಸಾಗಿ ಆಯಿತು.

ಎರಡನೆಯ ಅಚ್ಚರಿ 'ಮುಸುಕಿನ ರೆಬೆಕಾ'. ಇಟಲಿಯ ಶಿಲ್ಪಿ ಜೊವಾನ್ನಿ ಮರಿಯಾ ಬೆನ್ಜೋನಿ ಅಮೃತಶಿಲೆಯಲ್ಲಿ ಕಡೆದ ಈ ಮೂರ್ತಿಯನ್ನು ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡರು. ಬೈಬಲ್ಲಿನ ಆದಿಕಾಂಡದಲ್ಲಿ ಮದುವಣಗಿತ್ತಿ ರೆಬೆಕಾ, ತನ್ನ ವರ ಐಸಾಕನನ್ನು ದೂರದಿಂದ ಕಂಡೊಡನೆ ಮುಖಕ್ಕೆ ಮುಸುಕು ಎಳೆದುಕೊಳ್ಳುತ್ತಾಳೆ. ಆ ಗಳಿಗೆಯೇ ಇಲ್ಲಿದೆ. ತೆಳುಬಟ್ಟೆಯ ಹಿಂದೆ ಕಣ್ಣು, ಮೂಗು, ತುಟಿ ಕಾಣುತ್ತವೆ. ಬಟ್ಟೆಯೂ ಕಲ್ಲು, ಅದರ ಹಿಂದಿನ ಮುಖವೂ ಅದೇ ಕಲ್ಲು ಎಂದು ತಿಳಿದಿದ್ದರೂ ಕಣ್ಣು ಒಪ್ಪುವುದಿಲ್ಲ.

ಇದರ ಗುಟ್ಟು ಅರ್ಧ ಕಲ್ಲಿನಲ್ಲಿದೆ, ಅರ್ಧ ನಮ್ಮ ಕಣ್ಣಿನಲ್ಲಿದೆ. ಅಮೃತಶಿಲೆಯ ಮೇಲೆ ಬಿದ್ದ ಬೆಳಕು ಅಲ್ಲಿಂದಲೇ ಪೂರ್ತಿ ಹಿಂದಿರುಗುವುದಿಲ್ಲ. ಅದರಲ್ಲಿ ಸ್ವಲ್ಪ ಒಳಗಿಳಿದು, ಚದುರಿ, ಮೆತ್ತಗಾಗಿ ಹೊರಬರುತ್ತದೆ. ಹಾಗಾಗಿ ಕಲ್ಲಿಗೆ ಚರ್ಮದ ಕಾಂತಿ ಬರುತ್ತದೆ. ಶಿಲ್ಪಿ ಮುಖದ ಉಬ್ಬುತಗ್ಗುಗಳನ್ನು ತುಸು ಮಾತ್ರ ಕಡೆದು, ಬಟ್ಟೆ ಹಣೆ, ಮೂಗು, ಗಲ್ಲಕ್ಕೆ ತಾಗುವಲ್ಲಿ ನುಣುಪಾಗಿ ಬಿಟ್ಟು, ತಾಗದೆ ಇಳಿಬೀಳುವಲ್ಲಿ ನೆರಿಗೆಯ ಗೆರೆಗಳನ್ನು ಚೂಪಾಗಿ ಎಳೆಯುತ್ತಾನೆ. ಆ ಗೆರೆಗಳನ್ನು ಕಂಡ ನಮ್ಮ ಮಿದುಳು ಉಳಿದದ್ದನ್ನು ತಾನೇ ತುಂಬಿಕೊಂಡು 'ಇದು ಬಟ್ಟೆ' ಎಂದು ತೀರ್ಮಾನಿಸುತ್ತದೆ. ಬೆನ್ಜೋನಿಯ ರೆಬೆಕಾಗೆ ಅಕ್ಕತಂಗಿಯರೂ ಇದ್ದಾರೆ. ಅಮೆರಿಕದ ಅಟ್ಲಾಂಟಾ, ಡೆಟ್ರಾಯಿಟ್ ನಗರಗಳ ಸಂಗ್ರಹಾಲಯಗಳಲ್ಲಿ ಇದೇ ಶಿಲ್ಪದ ಪ್ರತಿಗಳಿವೆ.

ಮರದ ಜೋಡಿ ಮೂರ್ತಿಯ ಚಮತ್ಕಾರ ಬೇರೆ ಬಗೆಯದು. ಮುಂದಿನಿಂದ ನೋಡಿದರೆ ಗರ್ವದಿಂದ ಎದೆಯೆತ್ತಿ ನಿಂತ ಮೆಫಿಸ್ಟೋಫಿಲಿಸ್, ಹಿಂದೆ ಇಟ್ಟ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿದ ಮಾರ್ಗರೆಟಾ. ಗಯಟೆಯ 'ಫೌಸ್ಟ್' ನಾಟಕದ ಸೈತಾನ ಮತ್ತು ಮುಗ್ಧೆ ಒಂದೇ ಮರದ ದಿಮ್ಮಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ನಮ್ಮ ದೇವಾಲಯಗಳ ಕಂಬಗಳಲ್ಲಿ ಒಂದೇ ತಲೆಯನ್ನು ಹಂಚಿಕೊಂಡ ಆನೆ ಮತ್ತು ಬಸವನ ಕೆತ್ತನೆಯನ್ನು ಕಂಡಿದ್ದ ಮಗಳಿಗೆ ಈ ಶಿಲ್ಪಿಯ ಆಟ ಕೂಡಲೇ ಅರ್ಥವಾಯಿತು.

ಆದರೆ ನಾವು ಅತಿ ಹೆಚ್ಚು ಹೊತ್ತು ನಿಂತದ್ದು ಬಿದರಿ ಕಲೆಯ ಕಪಾಟುಗಳ ಮುಂದೆ. ಕಾರಣ ಅವ್ವ. ಹುಕ್ಕಾದ ಬುಡ, ಪಾನದಾನ, ಹೂಜಿಗಳ ಕಪ್ಪು ಮೈಮೇಲೆ ಮಿಂಚುವ ಬೆಳ್ಳಿಯ ಬಳ್ಳಿಗಳನ್ನು ಕಂಡು ಅವ್ವ ಮೊಮ್ಮಗಳ ಕೈ ಹಿಡಿದು ನಿಲ್ಲಿಸಿದರು: "ಇದು ನಮ್ಮೂರಿಂದು, ತಂಗಿ. ನಮ್ಮ ಕಿಲ್ಲಾದ ಮಣ್ಣಿಲ್ದೆ ಈ ಕರಿ ಬಣ್ಣ ಬರಾಂಗಿಲ್ಲ."

ಅವ್ವ ಹೇಳಿದ ಮಾತು ಬೀದರಿನ ಕುಶಲಕರ್ಮಿಗಳ ಮಾತೂ ಹೌದು. ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಪಾತ್ರೆಯ ಮೈ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಚಿತ್ತಾರ ಬರೆದು, ಸಣ್ಣ ಉಳಿಯಿಂದ ಕೊರೆದು, ಕೊರೆದ ತಗ್ಗಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿಯೂ ಸತುವೂ ಒಂದೇ ಬಿಳುಪಾಗಿ ಚಿತ್ತಾರವೇ ಮರೆಯಾದಂತೆ ಕಾಣುತ್ತದೆ. ಆಗ ಬರುತ್ತದೆ ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ತಾಕದ ಹಳೆಯ ಗೋಡೆಗಳ ಮರೆಯಿಂದ ತೆಗೆದ ಆ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ನವಸಾಗರದ ಜೊತೆ ಕಲಸಿ ಬೆಚ್ಚಗಿನ ಪಾತ್ರೆಗೆ ಹಚ್ಚಿದರೆ ಸತುವಿನ ಮೈ ಕಾಯಂ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಅಳಿಸಿಹೋದಂತಿದ್ದ ಬಳ್ಳಿ ಒಮ್ಮೆಗೇ ಎದ್ದು ಬರುತ್ತದೆ. ನೂರಾರು ವರ್ಷಗಳ ಹಿಂದೆ, ರಸಾಯನಶಾಸ್ತ್ರದ ಪುಸ್ತಕವಿಲ್ಲದೆ, ನಮ್ಮ ಊರಿನ ಕೈಗಳು ಇದನ್ನು ಕಂಡುಕೊಂಡವು. ಜಗತ್ತಿನ ಅಚ್ಚರಿಗಳ ಸಾಲಿನಲ್ಲಿ ತಮ್ಮೂರಿನ ಮಣ್ಣೂ ಇದೆ ಎಂಬ ಅರಿವು ಮೊಮ್ಮಕ್ಕಳ ಮುಖದಲ್ಲಿ ಮೂಡಿದ್ದನ್ನು ನಾನು ನೋಡಿದೆ.

ಇದು ನಿಜವೇ?

ವಿಚಿತ್ರ ವಸ್ತುಗಳನ್ನು ಒಂದು ಕೋಣೆಯಲ್ಲಿ ಕೂಡಿಹಾಕುವ ಚಟ ಯುರೋಪಿನಲ್ಲಿ ಬಲವಾಗಿ ಬೆಳೆದದ್ದು 16 ಮತ್ತು 17ನೆಯ ಶತಮಾನಗಳಲ್ಲಿ. ಹಡಗುಗಳು ದೂರ ದೇಶಗಳಿಂದ ಕಾಣದ ಪ್ರಾಣಿ, ಚಿಪ್ಪು, ಆಯುಧಗಳನ್ನು ತರುತ್ತಿದ್ದ ಕಾಲ ಅದು. ನೇಪಲ್ಸಿನ ಔಷಧ ವ್ಯಾಪಾರಿ ಫೆರಾಂಟೆ ಇಂಪೆರಾಟೊ 1599ರಲ್ಲಿ ಅಚ್ಚು ಹಾಕಿಸಿದ ತನ್ನ ಸಂಗ್ರಹದ ಚಿತ್ರದಲ್ಲಿ ಮೊಸಳೆಯೊಂದು ಚಾವಣಿಗೆ ನೇತುಬಿದ್ದಿದೆ. ರಾಜರು, ವೈದ್ಯರು, ವ್ಯಾಪಾರಿಗಳು ಪೈಪೋಟಿಯಿಂದ ಇಂಥ ಕೋಣೆಗಳನ್ನು ತುಂಬಿಸಿದರು. ಇಂದಿನ ದೊಡ್ಡ ಸಂಗ್ರಹಾಲಯಗಳು ಹುಟ್ಟಿದ್ದು ಅವುಗಳಿಂದಲೇ. 1683ರಲ್ಲಿ ತೆರೆದ ಆಕ್ಸ್‌ಫರ್ಡಿನ ಆಶ್ಮೋಲಿಯನ್, ರಷ್ಯಾದ ಪೀಟರ್ ಮಹಾಶಯ 1714ರಲ್ಲಿ ಆರಂಭಿಸಿದ ಕುನ್ಸ್ಟ್‌ಕಾಮೆರಾ, ವೈದ್ಯ ಹ್ಯಾನ್ಸ್ ಸ್ಲೋನ್ ಕೂಡಿಟ್ಟ ಸುಮಾರು 71 ಸಾವಿರ ವಸ್ತುಗಳಿಂದ 1753ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮ್ಯೂಸಿಯಂ, ಎಲ್ಲದರ ಬೇರು ಅಲ್ಲಿದೆ.

ಆ ಕೋಣೆಗಳಲ್ಲಿ ಸುಳ್ಳೂ ಧಾರಾಳವಾಗಿತ್ತು. ಒಂಟಿ ಕೊಂಬಿನ ಕುದುರೆಯ ಕೊಂಬು ವಿಷಕ್ಕೆ ಮದ್ದೆಂದು ಅರಸರು ಬಂಗಾರ ಸುರಿದು ಕೊಳ್ಳುತ್ತಿದ್ದರು. ಕೋಪನ್‌ಹೇಗನ್ನಿನ ವೈದ್ಯ ಓಲೆ ವೋರ್ಮ್ ಕೂಡ ಅಂಥದ್ದೇ ಸಂಗ್ರಾಹಕ. ಆದರೆ ಅವನು ಕೊಂಬನ್ನು ಗೋಡೆಗೆ ನೇತುಹಾಕಿ ಸುಮ್ಮನಿರಲಿಲ್ಲ. ತಲೆಬುರುಡೆಗೆ ಅಂಟಿಕೊಂಡಿದ್ದ ಒಂದು ಮಾದರಿಯನ್ನು ಪರೀಕ್ಷಿಸಿ, ಇದು ಕುದುರೆಯ ಕೊಂಬಲ್ಲ, ಉತ್ತರ ಧ್ರುವದ ಸಮುದ್ರಗಳಲ್ಲಿರುವ ನಾರ್ವಾಲ್ ಎಂಬ ತಿಮಿಂಗಿಲದ ಹಲ್ಲು ಎಂದು 1638ರಲ್ಲಿ ತೋರಿಸಿಕೊಟ್ಟ. ಹಾಗಿದ್ದರೂ ಮುಂದಿನ ದಶಕಗಳಲ್ಲಿ ಡೆನ್ಮಾರ್ಕಿನ ಅರಸರ ಸಿಂಹಾಸನವನ್ನು ಅದೇ ಹಲ್ಲುಗಳಿಂದ ಅಲಂಕರಿಸಿದರು. ಸತ್ಯ ಗೊತ್ತಾದೊಡನೆ ನಂಬಿಕೆ ಬಿದ್ದುಹೋಗುವುದಿಲ್ಲ. ಇದು ನಮ್ಮ ಕಾಲಕ್ಕೂ ಹೊಂದುವ ಪಾಠ.

ಕಲ್ಲಿನ ಮುಸುಕಿಗೂ ಇಂಥ ಕಥೆಯಿದೆ. ನೇಪಲ್ಸಿನಲ್ಲಿ ಜುಸೆಪ್ಪೆ ಸಾನ್ಮಾರ್ಟಿನೊ 1753ರಲ್ಲಿ ಕಡೆದ 'ಮುಸುಕಿನ ಕ್ರಿಸ್ತ' ಎಷ್ಟು ನಯವಾಗಿದೆಯೆಂದರೆ, ಅದನ್ನು ಮಾಡಿಸಿದ ಸಿರಿವಂತ ಮಾಟದಿಂದ ನಿಜವಾದ ಬಟ್ಟೆಯನ್ನೇ ಕಲ್ಲಾಗಿಸಿದ ಎಂದು ಜನ ನಂಬಿದರು. ಕಡೆದದ್ದು ಒಂದೇ ಅಖಂಡ ಶಿಲೆಯಲ್ಲಿ. ಮಾಟದ ಕಥೆ ಶಿಲ್ಪಿಯ ದುಡಿಮೆಯನ್ನು ಕದಿಯುತ್ತದೆ. ಆದ್ದರಿಂದಲೇ ಮಕ್ಕಳಿಗೆ ನಿಜ ಹೇಳಬೇಕು. ನಿಜ ಹೇಳಿದರೆ ಬೆರಗು ಕಡಿಮೆಯಾಗುವುದಿಲ್ಲ, ಬೆರಗು ಸಲ್ಲಬೇಕಾದವರಿಗೆ ಸಲ್ಲುತ್ತದೆ.

ಅಮೆರಿಕದಲ್ಲಿ ಫಿನಿಯಸ್ ಟೇಲರ್ ಬಾರ್ನಮ್ 1841ರಲ್ಲಿ ನ್ಯೂಯಾರ್ಕಿನಲ್ಲಿ ಸಂಗ್ರಹಾಲಯ ನಡೆಸತೊಡಗಿದ. ಮರುವರ್ಷವೇ 'ಫಿಜಿಯ ಮತ್ಸ್ಯಕನ್ಯೆ'ಯನ್ನು ತೋರಿಸಿ ಜನಸಾಗರವನ್ನು ಸೆಳೆದ. ಅದು ಕೋತಿಯ ಮೇಲ್ಭಾಗವನ್ನು ಮೀನಿನ ಬಾಲಕ್ಕೆ ಜೋಡಿಸಿದ ಬೊಂಬೆ. ರಾಬರ್ಟ್ ರಿಪ್ಲಿ 1918ರಲ್ಲಿ ಪತ್ರಿಕೆಯೊಂದರಲ್ಲಿ ವ್ಯಂಗ್ಯಚಿತ್ರವಾಗಿ ಆರಂಭಿಸಿದ 'ನಂಬಿದರೆ ನಂಬಿ' 1933ರಲ್ಲಿ ಷಿಕಾಗೋದ ವಿಶ್ವಮೇಳದಲ್ಲಿ ಪ್ರದರ್ಶನ ಶಾಲೆಯಾಯಿತು. ಇಂದು ಮೊಬೈಲಿನ ತುಂಬ ಹರಿದುಬರುವ ಅಚ್ಚರಿಯ ವೀಡಿಯೊಗಳೂ ಇದೇ ಮನೆತನಕ್ಕೆ ಸೇರಿದವು. ಮತ್ಸ್ಯಕನ್ಯೆಯ ಹೊಲಿಗೆ ಹುಡುಕಲು ಕಲಿತ ಮಗು ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರದ ಹೊಲಿಗೆಯನ್ನೂ ಹುಡುಕುತ್ತದೆ.

ಎಲ್ಲಿಂದ ಬಂತು?

ಸಾಲಾರ್ ಜಂಗ್ ಸಂಗ್ರಹದ ದಂತದ ಕುರ್ಚಿಗಳ ಮುಂದೆ ಕನ್ನಡಿಗರು ತಪ್ಪದೆ ನಿಲ್ಲುತ್ತಾರೆ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಟಿಪ್ಪು ಸುಲ್ತಾನನಿಗೆ ಉಡುಗೊರೆಯಾಗಿ ಕೊಟ್ಟವು ಎಂಬುದು ಸಂಗ್ರಹಾಲಯದ ವಿವರಣೆ. ಟಿಪ್ಪುವಿನ ಮೂವರು ರಾಯಭಾರಿಗಳು ಬ್ರಿಟಿಷರ ವಿರುದ್ಧ ನೆರವು ಕೇಳಿ 1788ರಲ್ಲಿ ವರ್ಸೇಲ್ಸ್ ಅರಮನೆಗೆ ಹೋಗಿದ್ದರು. ಸತ್ಕಾರ ಸಿಕ್ಕಿತು, ಸೈನ್ಯ ಸಿಗಲಿಲ್ಲ. 1793ರಲ್ಲಿ ಲೂಯಿಯ ತಲೆ ಉರುಳಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸತ್ತ. ಅಂದು ಬ್ರಿಟಿಷರ ಜೊತೆ ನಿಜಾಮರ ಸೈನ್ಯವೂ ಇತ್ತು. ಅರಮನೆ ಸೂರೆಯಾಗಿ ಅದರ ವಸ್ತುಗಳು ದಿಕ್ಕುದಿಕ್ಕಿಗೆ ಹಂಚಿಹೋದವು.

ಹಾಗೆ ಹೋದವುಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಹುಲಿ. ಐರೋಪ್ಯ ಸಿಪಾಯಿಯ ಮೇಲೆರಗಿದ ಮರದ ಹುಲಿಯದು. ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಈಸ್ಟ್ ಇಂಡಿಯಾ ಕಂಪನಿ ಇದನ್ನು 1808ರಿಂದ ತನ್ನ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ನೋಡಲು ಬಂದವರು ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿ ಓದಲು ಕೂತವರು ಗಲಾಟೆ ತಡೆಯಲಾರದೆ ದೂರಿದ್ದುಂಟು. ಶ್ರೀರಂಗಪಟ್ಟಣದಲ್ಲಿ ಅರಸನ ಪಂತದ ಗುರುತಾಗಿದ್ದದ್ದು ಲಂಡನ್ನಿನಲ್ಲಿ ಆಟದ ಸಾಮಾನಾಯಿತು. ವಸ್ತು ಬದಲಾಗಲಿಲ್ಲ, ಅದು ಹೋದ ದಾರಿ ಅದರ ಅರ್ಥವನ್ನು ಬದಲಿಸಿತು.

ಒಂದು ವಸ್ತುವನ್ನು ಕೊಂಡರೇ, ಉಡುಗೊರೆ ಪಡೆದರೇ, ಗೆದ್ದು ತಂದರೇ ಎಂಬುದನ್ನು ಕೇಳದೆ ಅದನ್ನು ಪೂರ್ತಿ ನೋಡಿದಂತಾಗುವುದಿಲ್ಲ. ದಂತದ ಕುರ್ಚಿ ನೋಡಿದ ಮಗ ಇನ್ನೂ ಹಿಂದಕ್ಕೆ ಹೋದ: "ಆನೆ ಸಾಯಿಸಿ ಮಾಡಿದ್ದೇನು?" ದಂತದ ವ್ಯಾಪಾರ ನಮ್ಮ ದೇಶದಲ್ಲಿ ಇಂದು ಅಪರಾಧ ಎಂದೂ, ಆಗ ಅದು ಸಿರಿಯ ಗುರುತಾಗಿತ್ತು ಎಂದೂ ಅವನಿಗೆ ಹೇಳಿದೆವು. ಎರಡೂ ನಿಜ, ಎರಡನ್ನೂ ಮಕ್ಕಳು ತಿಳಿಯಬೇಕು.

ತೋರಿಸುವುದು ಸರಿಯೇ?

ವಿಚಿತ್ರ ಸಂಗ್ರಹಗಳ ಚರಿತ್ರೆಯಲ್ಲಿ ಅತ್ಯಂತ ಕರಾಳವಾದ ಭಾಗ ಮನುಷ್ಯರನ್ನೇ ವಿಚಿತ್ರವಾಗಿ ತೋರಿಸಿದ್ದು. ಬಾರ್ನಮ್‌ನ ಪ್ರದರ್ಶನ ವ್ಯಾಪಾರ ಆರಂಭವಾದದ್ದೇ 1835ರಲ್ಲಿ ಜಾಯ್ಸ್ ಹೆತ್ ಎಂಬ ಮುದುಕಿಯಿಂದ. ಗುಲಾಮಗಿರಿಯಲ್ಲಿದ್ದ ಆ ಕಪ್ಪುಮಹಿಳೆಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್ನರನ್ನು ಸಾಕಿದ ದಾದಿ ಎಂದು ಸಾರಿ ಟಿಕೆಟ್ ಮಾರಿದ. ಮರುವರ್ಷ ಆಕೆ ಸತ್ತಾಗ ಮರಣೋತ್ತರ ಪರೀಕ್ಷೆಯನ್ನೂ ಟಿಕೆಟ್ ಇಟ್ಟು ತೋರಿಸಿದ. ವಯಸ್ಸು 80ಕ್ಕಿಂತ ಹೆಚ್ಚಿರಲಾರದು ಎಂದು ವೈದ್ಯ ಹೇಳಿದ.

ಐರ್ಲೆಂಡಿನ ಚಾರ್ಲ್ಸ್ ಬರ್ನ್ ಎಂಬ ಯುವಕ ಸುಮಾರು ಏಳೂವರೆ ಅಡಿ ಎತ್ತರವಿದ್ದ. ಲಂಡನ್ನಿನಲ್ಲಿ ತನ್ನನ್ನೇ ತೋರಿಸಿಕೊಂಡು ಬದುಕಿದ. ಸತ್ತ ಮೇಲೆ ಅಂಗರಚನಾ ತಜ್ಞರ ಕೈಗೆ ದೇಹ ಸಿಗಬಾರದೆಂದು, ಸಮುದ್ರದಲ್ಲಿ ಮುಳುಗಿಸಿರೆಂದು ಗೆಳೆಯರಲ್ಲಿ ಕೇಳಿಕೊಂಡಿದ್ದ. 1783ರಲ್ಲಿ, 22ನೆಯ ವಯಸ್ಸಿಗೆ ಸತ್ತ. ಶಸ್ತ್ರವೈದ್ಯ ಜಾನ್ ಹಂಟರ್ ಹಣ ಕೊಟ್ಟು ಶವ ಪಡೆದುಕೊಂಡ. ಅಸ್ಥಿಪಂಜರ ಎರಡು ಶತಮಾನ ಗಾಜಿನ ಪೆಟ್ಟಿಗೆಯಲ್ಲಿ ನಿಂತಿತು. ಅದರಿಂದ ವೈದ್ಯಲೋಕಕ್ಕೆ ಲಾಭವಾಗಿಲ್ಲವೆಂದಲ್ಲ: 2011ರಲ್ಲಿ ಅವನ ಹಲ್ಲಿನ ಡಿಎನ್‌ಎ ಪರೀಕ್ಷೆಯಿಂದ ಅತಿ ಎತ್ತರಕ್ಕೆ ಕಾರಣವಾಗುವ ಪಿಟ್ಯುಟರಿ ಗಡ್ಡೆಯ ವಂಶವಾಹಿ ದೋಷ ಪತ್ತೆಯಾಯಿತು, ಅದೇ ದೋಷ ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲಿ ಇಂದೂ ಇದೆಯೆಂದು ತಿಳಿಯಿತು. ಆದರೂ ಅವನ ಕೊನೆಯ ಮಾತು ಕೊನೆಯ ಮಾತೇ. 2023ರಲ್ಲಿ ಮತ್ತೆ ತೆರೆದ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಆ ಅಸ್ಥಿಪಂಜರವನ್ನು ಪ್ರದರ್ಶನದಿಂದ ತೆಗೆಯಿತು. ಸಂಶೋಧನೆಗೆ ಮಾತ್ರ ಇಟ್ಟುಕೊಂಡಿದೆ.

ಸರಿಯಾದ ದಾರಿ ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯವಿದೆ. ಬೇರೆ ಬೇರೆ ಕಾಯಿಲೆಗಳು, ಅಪಘಾತಗಳು ಮಿದುಳಿಗೆ ಏನು ಮಾಡುತ್ತವೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು, ಕೈಗವಸು ಹಾಕಿಕೊಂಡು ನಿಜವಾದ ಮಿದುಳನ್ನು ಹಿಡಿದೂ ನೋಡಬಹುದು. ಅಲ್ಲಿನ ಮಿದುಳು ಬ್ಯಾಂಕ್ ಕುಟುಂಬದವರ ಒಪ್ಪಿಗೆಯ ಮೇಲೆ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುತ್ತದೆ. ದುಃಖದ ನಡುವೆಯೂ ಒಪ್ಪಿಗೆ ಕೊಟ್ಟ ಮನೆಯವರಿದ್ದಾರೆಂದು ತಿಳಿದು ನೋಡುವವನ ತಲೆ ತಾನಾಗಿ ಬಾಗುತ್ತದೆ. ಬಾರ್ನಮ್‌ನ ಪ್ರದರ್ಶನಕ್ಕೂ ಇದಕ್ಕೂ ಇರುವ ಅಂತರ ಒಪ್ಪಿಗೆ ಮತ್ತು ಉದ್ದೇಶದ್ದು.

ಮಕ್ಕಳನ್ನು ಕರೆದೊಯ್ಯುವವರಿಗೆ

ನಮ್ಮಲ್ಲಿ ಸಂಗ್ರಹಾಲಯ ನೋಡುವ ರೀತಿ ಬದಲಾಗಬೇಕು. ಶಾಲೆಯ ಪ್ರವಾಸದಲ್ಲಿ ಇನ್ನೂರು ಮಕ್ಕಳನ್ನು ಸಾಲು ಹಿಡಿಸಿ ಒಂದು ಗಂಟೆಯಲ್ಲಿ ಇಡೀ ಕಟ್ಟಡ ದಾಟಿಸುತ್ತಾರೆ. ಮನೆಯವರು ಹೋದಾಗಲೂ ಟಿಕೆಟಿನ ದುಡ್ಡು ವಸೂಲಾಗಬೇಕೆಂದು ಎಲ್ಲ ಕೋಣೆ ಸುತ್ತುತ್ತೇವೆ. ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಸುಮಾರು ನಲವತ್ತು ಗ್ಯಾಲರಿಗಳಿವೆ. ಎಲ್ಲವನ್ನೂ ಒಂದೇ ದಿನ ನೋಡಿದವರಿಗೆ ಕಾಲುನೋವು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ.

ಹೊರಡುವ ಮುನ್ನ ಐದು ವಸ್ತುಗಳನ್ನು ಆರಿಸಿಕೊಳ್ಳಿ. ಎರಡನ್ನು ಮಕ್ಕಳು ಆರಿಸಲಿ, ಒಂದನ್ನು ಮನೆಯ ಹಿರಿಯರು. ಪ್ರತಿಯೊಂದರ ಮುಂದೆಯೂ ಹತ್ತು ನಿಮಿಷ ನಿಲ್ಲಿ. ಮೊದಲು ನೋಡಿ, ಆಮೇಲೆ ಫಲಕ ಓದಿ, ಫೋಟೊ ಕೊನೆಗಿರಲಿ. ಮಕ್ಕಳ ಕೈಗೆ ಒಂದು ನೋಟ್‌ಬುಕ್ಕು ಪೆನ್ಸಿಲ್ಲು ಕೊಡಿ. ವಸ್ತುವಿನ ಚಿತ್ರ ಬರೆಯುವಾಗ ಕಣ್ಣು ನೋಡುವಷ್ಟು ಬೇರೆ ಯಾವಾಗಲೂ ನೋಡುವುದಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಬರೆದಿಟ್ಟುಕೊಂಡು ಮನೆಗೆ ಬಂದು ಒಟ್ಟಿಗೆ ಹುಡುಕಿ. ಅಜ್ಜ ಅಜ್ಜಿಯರನ್ನು ಬಿಟ್ಟುಹೋಗಬೇಡಿ. ಗಾಜಿನ ಹಿಂದಿರುವ ಪಾನದಾನ, ಒರಳು, ತೂಗುದೀಪಗಳನ್ನು ಕೈಯಾರೆ ಬಳಸಿದವರು ಅವರು. ಫಲಕದಲ್ಲಿಲ್ಲದ್ದು ಅವರ ನೆನಪಿನಲ್ಲಿರುತ್ತದೆ.

ಸಂಗ್ರಹಾಲಯ ನಡೆಸುವವರಲ್ಲಿಯೂ ಒಂದು ಮನವಿ. 'ಬೆಳ್ಳಿ ಪಾತ್ರೆ, 18ನೆಯ ಶತಮಾನ' ಎಂಬ ಒಂದು ಸಾಲಿನ ಫಲಕ ಸಾಲದು. ಹೇಗೆ ಮಾಡಿದರು, ಎಲ್ಲಿಂದ ಬಂತು ಎಂಬ ಎರಡು ವಾಕ್ಯಗಳನ್ನಾದರೂ ಸೇರಿಸಿ, ಮಕ್ಕಳು ಓದುವ ಭಾಷೆಯಲ್ಲಿ, ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆಯಿರಿ. ಕರ್ನಾಟಕದ ಜಿಲ್ಲೆ ಜಿಲ್ಲೆಗಳಲ್ಲಿ ಸರ್ಕಾರಿ ಸಂಗ್ರಹಾಲಯಗಳಿವೆ. ಅನೇಕ ಕಡೆ ದಿನವಿಡೀ ಕಾದರೂ ಒಂದು ಕುಟುಂಬ ಬರುವುದಿಲ್ಲ. ಹೈದರಾಬಾದ್ ದೂರವೆನಿಸಿದರೆ, ಮುಂದಿನ ಭಾನುವಾರ ನಿಮ್ಮೂರಿನ ಸಂಗ್ರಹಾಲಯ ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಂಡು ಮಕ್ಕಳೊಂದಿಗೆ ಅಲ್ಲಿಗೆ ಹೋಗಿ. ಕನಿಷ್ಠ ಒಂದು ವಸ್ತುವಿನ ಮುಂದೆ ಈ ನಾಲ್ಕು ಪ್ರಶ್ನೆಗಳನ್ನು ಅವರ ಬಾಯಿಂದಲೇ ಕೇಳಿಸಿ.